ಮಾತಿಗಿಂತ ಮೊದಲು ಹೆಜ್ಜೆ: ವಿಡಿಯೊ ಗೇಮಿನ ರಾಜಕುಮಾರಿಯರನ್ನು ಅರಿತು ಆಡುವ ಬಗೆ

1984ರಲ್ಲಿ ಆ್ಯಪಲ್ 2 ಕಂಪ್ಯೂಟರಿಗೆ ಬಂದ ‘ಕರಾಟೆಕಾ’ ಗೇಮಿನ ಕೊನೆಯಲ್ಲಿ ಒಂದು ಕೋಣೆ ಇದೆ. ಕಾವಲುಗಾರರನ್ನು ಒಬ್ಬೊಬ್ಬರಾಗಿ ಕೆಡವಿ, ಖಳ ಅಕುಮನನ್ನೂ ಮುಗಿಸಿ ಒಳಗೆ ಕಾಲಿಟ್ಟರೆ ರಾಜಕುಮಾರಿ ಮಾರಿಕೊ ಎದುರಿಗೇ ನಿಂತಿರುತ್ತಾಳೆ. ಗೆದ್ದ ಹುರುಪಿನಲ್ಲಿ ಮುಷ್ಟಿ ಬಿಗಿದುಕೊಂಡೇ ಹತ್ತಿರ ಹೋದರೆ ಒಂದೇ ಒದೆ, ಆಟಗಾರ ಸತ್ತ. ಹೊಡೆದಾಟದ ಭಂಗಿ ಬಿಟ್ಟು, ನೆಟ್ಟಗೆ ನಿಂತು, ಓಡಿ ಹೋದರೆ ಮಾತ್ರ ಅಪ್ಪಿಕೊಳ್ಳುತ್ತಾಳೆ. ಅವಳ ಬಾಯಲ್ಲಿ ದೊಡ್ಡ ಸಂಭಾಷಣೆ ಏನೂ ಇಲ್ಲ. ಆದರೂ ಅವಳು ಎಂಥವಳು ಅನ್ನುವುದು ಆ ಒದೆಯಲ್ಲೇ ಗೊತ್ತಾಗಿಬಿಡುತ್ತದೆ.

ಇದನ್ನು ಮುಂಬಯಿ ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳಗಳು ಇಲ್ಲಿಗೆ ಬಂದಾಗ ಮಾಟುಂಗಾದಲ್ಲೋ ಠಾಣೆಯಲ್ಲೋ ಆಟ ನೋಡಿದವರಿಗೆ, ಸ್ತ್ರೀವೇಷ ರಂಗಕ್ಕೆ ಬಂದ ರೀತಿಯಲ್ಲೇ ಪಾತ್ರದ ಸ್ವಭಾವ ತಿಳಿಯುತ್ತದೆ. ದಮಯಂತಿಯ ಗರತಿ ವೇಷದ ನಡೆ ಬೇರೆ, ಕಸೆ ಕಟ್ಟಿ ಬರುವ ಮೀನಾಕ್ಷಿಯ, ಶಶಿಪ್ರಭೆಯ ಹೆಜ್ಜೆ ಬೇರೆ. ಅರ್ಥ, ಅಂದರೆ ಪಾತ್ರದ ಮಾತು, ಶುರುವಾಗುವ ಮೊದಲೇ ಕುಣಿತ ಅರ್ಧ ಹೇಳಿ ಮುಗಿಸಿರುತ್ತದೆ. ವಿಡಿಯೊ ಗೇಮೂ ಒಂದು ಆಟವೇ. ಅಲ್ಲಿನ ರಾಜಕುಮಾರಿಯ ಗುಣವನ್ನು ಸಿನಿಮಾದಂಥ ದೃಶ್ಯಗಳಲ್ಲಿ ಹುಡುಕಿದರೆ ಸಿಗುವುದು ಕಿರೀಟ, ಗೌನು ಮತ್ತು ನಿಟ್ಟುಸಿರು. ಬಟನ್ ಒತ್ತಿ ನೋಡಿದರೆ ಸಿಗುವುದು ಆಸಾಮಿ.

ಕನ್ನಡ ಸಂಘದ ಬೇಸಿಗೆ ಶಿಬಿರದಲ್ಲೋ, ಮಳೆ ಹಿಡಿದ ಭಾನುವಾರ ಮನೆಯ ಹಾಲಿನಲ್ಲೋ ನಾಲ್ಕೈದು ಮಕ್ಕಳನ್ನು ಕೂರಿಸಿಕೊಂಡು ಈ ಪಾತ್ರಗಳನ್ನು ಪರಿಚಯಿಸಬೇಕೆನ್ನುವವರಿಗಾಗಿ ಇಲ್ಲಿರುವ ಕ್ರಮ. ಒಬ್ಬರೇ ಕೂತು ಆಡುವವರಿಗೂ ಇದೇ ನಡೆಯುತ್ತದೆ.

ಮೊದಲ ಹತ್ತು ನಿಮಿಷ

ಪೋಸ್ಟ್ ಕಾರ್ಡಿನಷ್ಟು ದಪ್ಪ ಕಾಗದ ತುಂಡು ಮಾಡಿ, ಪ್ರತಿ ಮಗುವಿಗೂ ಒಂದು ಕೊಡಿ. ಅದರಲ್ಲಿ ಮೂರು ಸಾಲು: ಇವಳು ಏನು ಮಾಡಬಲ್ಲಳು, ಏನು ಮಾಡಲಾರಳು, ಮಾಡಿದ್ದಕ್ಕೆ ಏನು ಬೆಲೆ ತೆರುತ್ತಾಳೆ. ಕೆಳಗೆ ‘ಗುಣ’ ಅಂತ ಒಂದು ಖಾಲಿ ಜಾಗ. ಮೇಲಿನ ಮೂರೂ ತುಂಬುವವರೆಗೆ ಆ ಜಾಗ ಮುಟ್ಟುವಂತಿಲ್ಲ. ಈ ನಿಯಮ ಸಡಿಲ ಬಿಟ್ಟರೆ ಎಲ್ಲ ಕಾರ್ಡಿನಲ್ಲೂ ‘ಧೈರ್ಯವಂತೆ, ದಯಾವಂತೆ, ಸುಂದರಿ’ ಎಂದೇ ಬರುತ್ತದೆ. ಆಗ ಗೇಮ್ ಆಡಿದ್ದೂ ಒಂದೇ, ಪೆಟ್ಟಿಗೆಯ ಹಿಂದಿನ ಬರಹ ಓದಿದ್ದೂ ಒಂದೇ.

ಆಮೇಲೆ ಕಂಟ್ರೋಲರನ್ನು ಒಂದು ನಿಮಿಷ ಕೆಳಗಿಟ್ಟು ಸುಮ್ಮನೆ ನೋಡಿ. ಯಾರೂ ಏನೂ ಮಾಡದಿದ್ದಾಗ ಪಾತ್ರ ಏನು ಮಾಡುತ್ತದೆ? ಕೂದಲು ಸರಿಮಾಡಿಕೊಳ್ಳುತ್ತದೋ, ಸುತ್ತ ನೋಡುತ್ತದೋ, ಅಸಹನೆಯಿಂದ ಕಾಲು ಕುಟ್ಟುತ್ತದೋ. ನಂತರ ಜಿಗಿತದ ಬಟನ್ ಒಂದನ್ನೇ ಬಳಸಿ ಎಷ್ಟು ದೂರ ಹೋಗಬಹುದೆಂದು ನೋಡಿ. ಕೊನೆಗೆ ಬೇಕೆಂದೇ ಒಂದೆರಡು ಏಟು ತಿನ್ನಿಸಿ. ಎಷ್ಟು ದೂರ ಹಾರಿ ಬೀಳುತ್ತಾಳೆ, ಎದ್ದು ನಿಲ್ಲಲು ಎಷ್ಟು ಹೊತ್ತು ಬೇಕು, ಯಾರ ಸಹಾಯ ಬೇಕು ಅನ್ನುವುದನ್ನು ಬರೆದುಕೊಳ್ಳಿ. ಗೆಲ್ಲುವ ಆತುರದವರು ಈ ಕೊನೆಯದನ್ನು ಹಾರಿಸಿಬಿಡುತ್ತಾರೆ. ಪಾತ್ರದ ಬಗ್ಗೆ ಹೆಚ್ಚು ಹೇಳುವುದು ಅದೇ.

ಸಂಘದ ಟಿವಿಗೆ ಹಾಕುವಾಗ

ನಿಂಟೆಂಡೊ ಕಂಪನಿಯ ಗೇಮ್ ಯಂತ್ರ (ಕನ್ಸೋಲ್) ‘ಸ್ವಿಚ್’ ತಂದು ಸಂಘದ ಟಿವಿಗೆ ಜೋಡಿಸುವಾಗ ಪದೇಪದೇ ಆಗುವ ಎಡವಟ್ಟು ಒಂದಿದೆ. ಕನ್ಸೋಲನ್ನು ಡಾಕಿನಲ್ಲಿ, ಅಂದರೆ ಟಿವಿಗೆ ಜೋಡಿಸುವ ಪೀಠದಲ್ಲಿ, ಕೂರಿಸುತ್ತಾರೆ, ಚಾರ್ಜ್ ಆಗುತ್ತಿದೆ ಎಂದು ತೋರಿಸುತ್ತದೆ, ಟಿವಿಯಲ್ಲಿ ಮಾತ್ರ ಚಿತ್ರವಿಲ್ಲ. ಕೇಬಲ್ ಬದಲಿಸಿ, ಟಿವಿ ಬದಲಿಸಿ, ಅರ್ಧ ಗಂಟೆ ಹೋಗುತ್ತದೆ. ಕಾರಣ ಇಷ್ಟೇ: ಫೋನಿನ ಚಾರ್ಜರ್ ಹಾಕಿರುತ್ತಾರೆ. ಮೊದಲ ಸ್ವಿಚ್‌ನ ಡಾಕಿಗೆ 15 ವೋಲ್ಟ್, 2.6 ಆಂಪಿಯರ್ ಕೊಡುವ ಅದರದೇ ಅಡಾಪ್ಟರ್ ಬೇಕು. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಸಿಗುವ ಹೊರದೇಶದ ಸೆಟ್ಟುಗಳಲ್ಲಿ ಚಪ್ಪಟೆ ಪಿನ್ನಿನ ಅಡಾಪ್ಟರ್ ಬರುವುದುಂಟು. ಅದು 100ರಿಂದ 240 ವೋಲ್ಟಿನವರೆಗೆ ತಡೆಯುತ್ತದೆ, ಆದ್ದರಿಂದ ಪಿನ್ ಬದಲಿಸುವ ಪುಟ್ಟ ಸಾಕೆಟ್ ಸಾಕು. ವೋಲ್ಟೇಜ್ ಇಳಿಸುವ ಭಾರದ ಟ್ರಾನ್ಸ್‌ಫಾರ್ಮರ್ ಕೊಳ್ಳಬೇಡಿ. ಕಾರ್ಟ್ರಿಜ್‌ಗಳಿಗೆ ದೇಶದ ಬೀಗ ಇಲ್ಲ, ಜಪಾನಿನದ್ದೂ ಓಡುತ್ತದೆ. ಇಂಗ್ಲಿಷ್ ಇದೆಯೇ ಅನ್ನುವುದನ್ನು ಮಾತ್ರ ಕವರಿನ ಹಿಂದೆ ನೋಡಿ ಕೊಳ್ಳಿ.

ಪೀಚ್: ತೇಲುವವಳು

ಪೀಚ್ 1985ರ ‘ಸೂಪರ್ ಮಾರಿಯೊ ಬ್ರದರ್ಸ್’ನಲ್ಲಿ ಬಂದದ್ದು ಬಿಡಿಸಿಕೊಳ್ಳಬೇಕಾದವಳಾಗಿ. ಅವಳನ್ನು ಆಡಬಹುದಾದದ್ದು 1988ರಲ್ಲಿ ಅಮೆರಿಕಕ್ಕೆ ಬಂದ ಎರಡನೇ ಭಾಗದಲ್ಲಿ. ಅಲ್ಲಿ ಅವಳಿಗೆ ಸಿಕ್ಕಿದ ಶಕ್ತಿ ಸುಮಾರು ಒಂದೂವರೆ ಸೆಕೆಂಡು ಗಾಳಿಯಲ್ಲಿ ತೇಲುವುದು. ಅದಕ್ಕೆ ತೆತ್ತ ಬೆಲೆ, ನೆಲದಿಂದ ತರಕಾರಿ ಕೀಳುವಾಗ ಆಡಲು ಸಿಗುವ ನಾಲ್ವರಲ್ಲಿ ಅವಳೇ ನಿಧಾನ. ಮುಂದೆ ಬಂದ ಹೆಚ್ಚಿನ ಗೇಮುಗಳಲ್ಲಿ ಅವಳ ಸ್ವಭಾವ ಈ ಒಂದೂವರೆ ಸೆಕೆಂಡಿನಿಂದಲೇ ಬೆಳೆದದ್ದು: ಅವಸರವಿಲ್ಲ, ಎಲ್ಲಿ ಇಳಿಯಬೇಕೆಂದು ನೋಡಿಕೊಂಡು ಇಳಿಯುವವಳು.

ಕಂಟ್ರೋಲರ್ ಹಿಡಿದೇ ಅಭ್ಯಾಸವಿಲ್ಲದವರಿಗೆ ‘ಸೂಪರ್ ಮಾರಿಯೊ 3ಡಿ ವರ್ಲ್ಡ್’ನಲ್ಲಿ ಅವಳನ್ನೇ ಕೊಡಿ. ಓಟ ನಿಧಾನ, ಆದರೆ ಜಿಗಿತದ ಬಟನ್ ಒತ್ತಿ ಹಿಡಿದರೆ ಅಂಚಿನಾಚೆ ಹೋದ ಕಾಲು ಮತ್ತೆ ನೆಲಕ್ಕೆ ಬರುತ್ತದೆ. ನಾಲ್ವರು ಒಟ್ಟಿಗೆ ಆಡುವಾಗ ಮುಂದೆ ಓಡಿದವನು ಪರದೆಯನ್ನೂ ಎಳೆದುಕೊಂಡು ಹೋಗುತ್ತಾನೆ, ಹಿಂದುಳಿದವರು ಅಳುತ್ತಾರೆ. ಆ ಜಗಳಕ್ಕೆ ಪೀಚ್ ಮದ್ದಲ್ಲ, ‘ನಿಲ್ಲೋ ಮಾರಾಯ’ ಅನ್ನುವ ದೊಡ್ಡವರೊಬ್ಬರು ಬೇಕು.

ಅವಳ ನಿಜವಾದ ಬಲ ಕಾಣುವುದು ‘ಸೂಪರ್ ಸ್ಮ್ಯಾಶ್ ಬ್ರದರ್ಸ್ ಅಲ್ಟಿಮೇಟ್’ನಲ್ಲಿ (2018). ಅಲ್ಲಿ ತೇಲುವ ಅವಧಿ ಸುಮಾರು ಎರಡೂವರೆ ಸೆಕೆಂಡು. ಜಿಗಿದು ಬಟನ್ ಹಿಡಿದುಕೊಂಡೇ ಇದ್ದರೆ ತೇಲುತ್ತಾಳೆ. ಸ್ಟಿಕ್ಕನ್ನು ಕೆಳಕ್ಕೆ ಒತ್ತಿ ಜಿಗಿದರೆ ನೆಲದಿಂದ ಒಂದು ಗೇಣು ಮೇಲೆಯೇ ತೇಲಲು ಶುರುಮಾಡುತ್ತಾಳೆ, ಮತ್ತು ಪೀಚ್ ಆಟಗಾರರ ವಿದ್ಯೆಯೆಲ್ಲ ಇರುವುದು ಈ ಗೇಣಿನಲ್ಲಿ. ಅಷ್ಟು ತಗ್ಗಿನಲ್ಲಿ ತೇಲುತ್ತ ಗಾಳಿಯ ಏಟುಗಳನ್ನು ಹಾಕಿದರೆ ಎದುರಾಳಿಗೆ ತಪ್ಪಿಸಿಕೊಳ್ಳಲು ಸಂದು ಸಿಗುವುದಿಲ್ಲ. ಬಟನ್ ಬಿಟ್ಟರೆ ತೇಲುವುದು ಮುಗಿಯಿತು; ನೆಲ ಮುಟ್ಟುವವರೆಗೆ ಅಥವಾ ಅಂಚು ಹಿಡಿಯುವವರೆಗೆ ಮತ್ತೆ ಬಾರದು.

ಎಲ್ಲರೂ ಎಡವುವುದು ಇಲ್ಲಿ. ಜಿಗಿತ ಎಕ್ಸ್ ಬಟನ್‌ನಲ್ಲಿ, ಏಟು ಎ ಬಟನ್‌ನಲ್ಲಿ, ಎರಡಕ್ಕೂ ಇರುವುದು ಒಂದೇ ಬಲ ಹೆಬ್ಬೆರಳು. ತೇಲಲು ಎಕ್ಸ್ ಹಿಡಿದಿಟ್ಟರೆ ಹೊಡೆಯಲು ಬೆರಳಿಲ್ಲ. ಹೊಡೆಯಲು ಬೆರಳು ಎತ್ತಿದರೆ ಅವಳು ಕೆಳಗೆ. ‘ಇವಳು ಬರೀ ತೇಲ್ತಾಳೆ, ಹೊಡೆಯೋದೇ ಇಲ್ಲ ಅಂಕಲ್’ ಎಂಬ ದೂರು ಬಂದರೆ ತಪ್ಪು ಪೀಚಳದ್ದಲ್ಲ, ಬಟನ್ ಹಂಚಿಕೆಯದ್ದು. ಕಂಟ್ರೋಲ್ಸ್ ಮೆನುವಿಗೆ ಹೋಗಿ, ಹೊಸದೊಂದು ಹೆಸರು ಮಾಡಿ, ಆ ಹೆಸರಿನಡಿ ಮೇಲಂಚಿನ ಆರ್ ಬಟನ್ನಿಗೆ ಜಿಗಿತ ಕೊಡಿ. ಆಗ ತೋರುಬೆರಳು ತೇಲಿಸುತ್ತದೆ, ಹೆಬ್ಬೆರಳು ಹೊಡೆಯುತ್ತದೆ. ಅದೇ ಮೆನುವಿನಲ್ಲಿ ಸ್ಟಿಕ್ ಮೇಲಕ್ಕೆ ತಳ್ಳಿದರೆ ಜಿಗಿಯುವ ಆಯ್ಕೆಯನ್ನೂ ಆಫ್ ಮಾಡಿಬಿಡಿ, ಇಲ್ಲದಿದ್ದರೆ ಮೇಲಕ್ಕೆ ಹೊಡೆಯಲು ಹೋಗಿ ಸುಮ್ಮನೆ ಜಿಗಿದಿರುತ್ತಾಳೆ. ಪಾತ್ರ ಆರಿಸುವ ಪರದೆಯಲ್ಲಿ ಆ ಹೆಸರನ್ನು ಆರಿಸಲು ಮರೆತರೆ ಬದಲಾವಣೆ ಯಾವುದೂ ಹತ್ತುವುದಿಲ್ಲ. ಇದನ್ನು ಮರೆಯದವರು ಕಡಿಮೆ.

ಕೆಳಕ್ಕೆ ಒತ್ತಿ ಬಿ ಬಟನ್ ಅದುಮಿದರೆ ನೆಲದಿಂದ ಟರ್ನಿಪ್ ಕೀಳುತ್ತಾಳೆ. ಪ್ರತಿ ಗಡ್ಡೆಗೂ ಒಂದು ಮುಖ ಇದೆ. ಹೊಲಿಗೆ ಹಾಕಿದಂಥ ಮುಖದ್ದು ಬಂದರೆ ಅದೇ ಎಲ್ಲಕ್ಕಿಂತ ಜೋರಾದ ಏಟು, ಎಸೆಯಲು ಅವಸರ ಮಾಡಬೇಡಿ. ಅಪರೂಪಕ್ಕೆ ಗಡ್ಡೆಯ ಬದಲು ಬಾಂಬೇ ಕೈಗೆ ಬರುವುದೂ ಉಂಟು. ಅವಳ ದೊಡ್ಡ ಕೊರತೆ ತೂಕ: ಹಗುರ ಪಾತ್ರ, ಒಂದು ಭಾರದ ಏಟು ಬಿದ್ದರೆ ಬೇಗ ಪರದೆಯಿಂದಾಚೆ ಹೋಗುತ್ತಾಳೆ. ಕಾರ್ಡಿನ ಮೂರನೇ ಸಾಲಿಗೆ ಬೇಕಾದದ್ದು ಇದು.

ಅದೇ ಗೇಮಿನಲ್ಲಿರುವ ಡೇಸಿಯ ಮುಂದೆ ನಮ್ಮ ಸೂತ್ರ ಸೋಲುತ್ತದೆ ಎಂದು ಒಪ್ಪಿಕೊಳ್ಳಬೇಕು. 1989ರ ‘ಸೂಪರ್ ಮಾರಿಯೊ ಲ್ಯಾಂಡ್’ನಿಂದ ಬಂದ ಸರಸಾಲ್ಯಾಂಡಿನ ಈ ರಾಜಕುಮಾರಿಯ ತೇಲುವಿಕೆ, ಟರ್ನಿಪ್, ತೂಕ ಎಲ್ಲವೂ ಪೀಚಳದ ಅಚ್ಚು. ಬೇರೆ ಇರುವುದು ದನಿ, ಕೈ ಬೀಸುವ ರೀತಿ, ಗೆದ್ದಾಗಿನ ಗದ್ದಲ. ಪೀಚ್ ಸಭಾಮರ್ಯಾದೆಯವಳಾದರೆ ಡೇಸಿ ಮೈದಾನದಲ್ಲಿ ಬೆಳೆದವಳು. ಒಂದೇ ಹೆಜ್ಜೆಗೆ ಇಬ್ಬರು ವೇಷಧಾರಿಗಳು ಅಂದುಕೊಳ್ಳಿ.

ಐದಾರು ವರ್ಷದ ಮಕ್ಕಳಿದ್ದರೆ ಸ್ಮ್ಯಾಶ್ ಬೇಡ, 2024ರ ಮಾರ್ಚಿನಲ್ಲಿ ಬಂದ ‘ಪ್ರಿನ್ಸೆಸ್ ಪೀಚ್: ಶೋಟೈಮ್!’ ಸಾಕು. ಕತ್ತಿವರಸೆಯವಳು, ಪತ್ತೇದಾರಿ, ಕೇಕ್ ಮಾಡುವವಳು, ನಿಂಜಾ ಹೀಗೆ ಹತ್ತು ವೇಷ. ಹೆಚ್ಚಿನ ಕೆಲಸವೆಲ್ಲ ಎರಡೇ ಬಟನ್ನಿನಲ್ಲಿ ಮುಗಿಯುತ್ತದೆ. ದೊಡ್ಡ ಮಕ್ಕಳಿಗೆ ಒಂದು ಗಂಟೆಯಲ್ಲಿ ಬೇಜಾರು ಬರುತ್ತದೆ, ಅದಕ್ಕೆ ಅವರನ್ನು ಬೈಯಬೇಡಿ. 2005ರ ‘ಸೂಪರ್ ಪ್ರಿನ್ಸೆಸ್ ಪೀಚ್’ ನಿಂಟೆಂಡೊದ ಹಳೆಯ ಕೈಯಂತ್ರ ಡಿಎಸ್ ಇದ್ದವರಿಗೆ ಮಾತ್ರ. ಅದರಲ್ಲಿ ಅಳು, ಸಿಟ್ಟು, ಸಂತೋಷ, ಶಾಂತಿ ಇವೇ ನಾಲ್ಕು ಆಯುಧ: ಅತ್ತರೆ ಕಣ್ಣೀರಿಗೆ ಗಿಡ ಬೆಳೆಯುತ್ತದೆ, ಸಿಟ್ಟಾದರೆ ಮೈಯೆಲ್ಲ ಬೆಂಕಿ, ಶಾಂತವಾದರೆ ಆಯಸ್ಸು ತುಂಬುತ್ತದೆ. ಹೆಣ್ಣೆಂದರೆ ಅಳು-ಮುನಿಸು ಎಂಬ ಸವಕಲು ಮಾತನ್ನೇ ಗೇಮ್ ಮಾಡಿದರು ಎಂದು ಅದು ಬೈಸಿಕೊಂಡಿತು, ಬೈದದ್ದರಲ್ಲಿ ಹುರುಳೂ ಇದೆ. ಆದರೆ ಭಾವ ಖರ್ಚಾಗುವ ವಸ್ತು, ಮತ್ತೆ ತುಂಬಿಕೊಳ್ಳಬೇಕಾದದ್ದು ಎಂಬ ಲೆಕ್ಕ ಆ ಗೇಮಿನಲ್ಲಿರುವಷ್ಟು ನೇರವಾಗಿ ಬೇರೆಡೆ ಕಾಣುವುದು ಕಷ್ಟ.

ಜೆಲ್ಡಾ: ಕತ್ತಿ ಕೇಳಬೇಡಿ, ಮಂಚ ಹಾಕಿ

1986ರಿಂದ ರಾಜಕುಮಾರಿ ಜೆಲ್ಡಾಳ ಹೆಸರು ‘ದ ಲೆಜೆಂಡ್ ಆಫ್ ಜೆಲ್ಡಾ’ ಸರಣಿಯ ಮೇಲಿದೆ, ಕಂಟ್ರೋಲರ್ ಮಾತ್ರ ಕತ್ತಿ ಹಿಡಿದ ನಾಯಕ ಲಿಂಕ್ ಕೈಯಲ್ಲೇ ಇತ್ತು. 1998ರ ‘ಒಕರಿನಾ ಆಫ್ ಟೈಮ್’ನಲ್ಲಿ ಶೀಕ್ ಎಂಬ ವೇಷ, 2009ರ ‘ಸ್ಪಿರಿಟ್ ಟ್ರ್ಯಾಕ್ಸ್’ನಲ್ಲಿ ಕಬ್ಬಿಣದ ಕಾವಲುಗಾರರ ಮೈಮೇಲೆ ಬರುವ ಆತ್ಮ, 2017ರ ‘ಬ್ರೆತ್ ಆಫ್ ದ ವೈಲ್ಡ್’ನಲ್ಲಿ ಹಳೆಯ ಯಂತ್ರಗಳ ಹಿಂದೆ ಬಿದ್ದ ಸಂಶೋಧಕಿ. 2024ರ ಸೆಪ್ಟೆಂಬರಿನ ‘ಎಕೋಸ್ ಆಫ್ ವಿಸ್ಡಮ್’ನಲ್ಲಿ ಕೊನೆಗೂ ಮುಖ್ಯ ಸರಣಿಯ ನಾಯಕಿಯಾಗಿ ಅವಳೇ ಕೈಗೆ ಬಂದಳು.

ಅವಳ ಕೈಯಲ್ಲಿರುವುದು ಕೋಲು. ಕಂಡ ವಸ್ತುವಿನ, ಸೋಲಿಸಿದ ಪ್ರಾಣಿಯ ನಕಲನ್ನು ಬೇಕಾದಲ್ಲಿ ನಿಲ್ಲಿಸುವುದು ಅವಳ ವಿದ್ಯೆ. ಏಕಕಾಲಕ್ಕೆ ಎಷ್ಟು ನಕಲು ಎಂಬುದಕ್ಕೆ ಮಿತಿ ಇದೆ. ಜೊತೆಗಿರುವ ಟ್ರಿ ಎಂಬ ಪುಟ್ಟ ಜೀವಿಯ ಹಿಂದಿನ ತ್ರಿಕೋನಗಳೇ ಆ ಲೆಕ್ಕ. ಮಿತಿ ಮೀರಿ ಇನ್ನೊಂದು ಹಾಕಿದರೆ ಎಲ್ಲಕ್ಕಿಂತ ಮೊದಲು ಹಾಕಿದ್ದು ಮಾಯ. ಮಂಚಗಳನ್ನು ಸಾಲಾಗಿ ಹಾಕಿ ಸೇತುವೆ ಮಾಡುವಾಗ ಬೀಳುವುದು ಇದಕ್ಕೇ: ಕಾಲಡಿಯ ಮಂಚವೇ ಮೊದಲು ಹಾಕಿದ್ದಾಗಿರುತ್ತದೆ. ಮುಂದಿನ ಮಂಚಕ್ಕೆ ದಾಟಿ, ನಿಂತು, ಆಮೇಲೆ ಹೊಸದು ಹಾಕಬೇಕು. ಅದೇ ಮಂಚವನ್ನು ಒಂದರ ಮೇಲೊಂದು ಏರಿಸಿದರೆ ಏಣಿ, ಶತ್ರುಗಳಿಲ್ಲದ ಮೂಲೆಯಲ್ಲಿ ಹಾಕಿ ಮಲಗಿದರೆ ಹೃದಯಗಳು ತುಂಬುತ್ತವೆ. ಗೋಡೆ ಹತ್ತುವ ಜೇಡದ ನಕಲು ಸಿಕ್ಕಿದ ಮೇಲೆ ಅದನ್ನು ಗೋಡೆಗೆ ಬಿಟ್ಟು, ಬಂಧ ಹಾಕಿ, ಅದರ ಚಲನೆಯನ್ನೇ ಹಿಂಬಾಲಿಸಿದರೆ ಜೆಲ್ಡಾಳೂ ಮೇಲೇರುತ್ತಾಳೆ.

ಕತ್ತಿಯ ರೂಪವೂ ಇದೆ, ಮಕ್ಕಳು ಹೋಗಿ ಬೀಳುವುದು ಅದರ ಮೇಲೆಯೇ. ಆ ರೂಪಕ್ಕೆ ಶಕ್ತಿಯ ಪಟ್ಟಿ ಖರ್ಚಾಗುತ್ತದೆ. ಸಣ್ಣ ಪ್ರಾಣಿಗಳ ಮೇಲೆ ಸುರಿದುಬಿಟ್ಟರೆ ದೊಡ್ಡವನು ಎದುರಾದಾಗ ಕೈ ಖಾಲಿ. ಕ್ರಮ ಹೀಗಿರಲಿ: ಶತ್ರುವಿನ ಮೇಲೆ ಗುರಿ ಕಟ್ಟಿ, ಎರಡು ನಕಲು ಪ್ರಾಣಿಗಳನ್ನು ಅವನ ಹತ್ತಿರ ಇಳಿಸಿ, ಜೆಲ್ಡಾಳನ್ನು ಪಕ್ಕಕ್ಕೆ ಸರಿಸಿ, ಕಾಯಿರಿ. ನಕಲುಗಳು ಗುರಿಯತ್ತಲೇ ಹೋಗುತ್ತವೆ. ಈ ಕಾಯುವಿಕೆ ಲಿಂಕ್‌ಗೆ ಒಗ್ಗಿದ ಕೈಗಳಿಗೆ ಸಹಿಸದು. ಆದರೆ ಜೆಲ್ಡಾಳ ಸ್ವಭಾವ ಇದೇ: ನೋಡಿದ್ದನ್ನು ಮರೆಯದವಳು, ಕೆಲಸ ಹಂಚಿಕೊಡುವವಳು.

ಅರೋರಾ, ಮತ್ತು ಪಕ್ಕದಲ್ಲಿ ಕೂತ ಅಜ್ಜಿ

ಇಬ್ಬರೇ ಇದ್ದು, ಅದರಲ್ಲಿ ಒಬ್ಬರಿಗೆ ಗೇಮ್ ಎಂದರೆ ಏನೆಂದೇ ಗೊತ್ತಿಲ್ಲದಿದ್ದರೆ 2014ರ ‘ಚೈಲ್ಡ್ ಆಫ್ ಲೈಟ್’ ಹಾಕಿ. 1895ರ ಆಸ್ಟ್ರಿಯದ ಡ್ಯೂಕ್ ಒಬ್ಬನ ಮಗಳು ಅರೋರಾ ಲೆಮುರಿಯ ಎಂಬ ಬೇರೆ ಲೋಕದಲ್ಲಿ ಕಣ್ಣು ಬಿಡುತ್ತಾಳೆ. ತಲೆಗೆ ಕಿರೀಟ, ಕೈಯಲ್ಲಿ ಅವಳಷ್ಟೇ ಉದ್ದದ ಕತ್ತಿ. ಮಾತೆಲ್ಲ ಇಂಗ್ಲಿಷಿನ ಅಂತ್ಯಪ್ರಾಸದಲ್ಲಿ. ಆದಿಪ್ರಾಸಕ್ಕೆ ಪಳಗಿದ ಕಿವಿಗೆ ಕೆಲವು ಕಡೆ ಎಳೆದು ತಂದಂತೆ ಕೇಳುತ್ತದೆ, ಹಾರಿಸಿದರೆ ನಷ್ಟವಿಲ್ಲ.

ಒಬ್ಬರು ಅರೋರಾ, ಇನ್ನೊಬ್ಬರು ಇಗ್ನಿಕ್ಯುಲಸ್ ಎಂಬ ಮಿಣುಕುಹುಳು. ಹುಳುವಿಗೆ ಸಾವಿಲ್ಲ, ಆದ್ದರಿಂದ ಅದು ಅಜ್ಜಿಗೆ ಅಥವಾ ನಾಲ್ಕು ವರ್ಷದ ತಮ್ಮನಿಗೆ. ಸುಮ್ಮನೆ ಕೂರಿಸಲು ಕೊಟ್ಟ ಗಿಲಕಿ ಅಲ್ಲ ಅದು. ಕಾಳಗದಲ್ಲಿ ಪರದೆಯ ಕೆಳಗೆ ಒಂದು ಕಾಲಪಟ್ಟಿ ಇರುತ್ತದೆ. ಎಲ್ಲರ ಗುರುತುಗಳೂ ಅದರ ಮೇಲೆ ಎಡದಿಂದ ಬಲಕ್ಕೆ ಸಾಗುತ್ತವೆ. ಹೆಚ್ಚಿನ ಭಾಗ ಕಾಯುವ ಜಾಗ, ತುದಿಯಲ್ಲಿ ಒಂದು ಚಿಕ್ಕ ಕೆಂಪು ತುಂಡು. ಕೆಂಪಿಗೆ ಬಂದಾಗ ಏನು ಮಾಡಬೇಕೆಂದು ಆರಿಸುತ್ತೀರಿ, ತುದಿ ಮುಟ್ಟಿದಾಗ ಅದು ನಡೆಯುತ್ತದೆ. ಈ ನಡುವೆ ಏಟು ಬಿದ್ದರೆ ಆರಿಸಿದ್ದು ಹೋಯಿತು, ಗುರುತು ಹಿಂದಕ್ಕೆ ತಳ್ಳಲ್ಪಡುತ್ತದೆ. ಶತ್ರುವಿಗೂ ಇದೇ ಕಟ್ಟಲೆ.

ಹಾಗಾಗಿ ಲೆಕ್ಕ ಇಷ್ಟು. ಶತ್ರು ಕೆಂಪಿನೊಳಗಿದ್ದು ನಿಮ್ಮ ಏಟು ಅವನಿಗಿಂತ ಮೊದಲು ತುದಿ ಮುಟ್ಟುತ್ತದೆ ಎಂದಾದರೆ ಹೊಡೆಯಿರಿ. ಅವನೇ ಮುಂದಿದ್ದರೆ ಹಟ ಮಾಡದೆ ರಕ್ಷಣೆ ಆರಿಸಿ. ಪೆಟ್ಟೂ ಕಡಿಮೆ, ಹಿಂದಕ್ಕೆ ತಳ್ಳಿಸಿಕೊಳ್ಳುವುದೂ ತಪ್ಪುತ್ತದೆ. ಎರಡರ ನಡುವೆ ಇದ್ದರೆ ಹುಳುವಿನ ಕೆಲಸ: ಶತ್ರುವಿನ ಮೇಲೆ ಹೋಗಿ ಬೆಳಕು ಹಿಡಿದರೆ ಅವನ ಗುರುತು ನಿಧಾನವಾಗುತ್ತದೆ. ‘ಅಜ್ಜಿ, ಎಡಗಡೆಯವನಿಗೆ ಹಿಡಿ, ಹಿಡಿ, ಈಗ ಬಿಡು’ ಎಂದು ಕೂಗುವ ಹಂತಕ್ಕೆ ಬಂದರೆ ಇಬ್ಬರೂ ಗೇಮ್ ಕಲಿತರು ಎಂದರ್ಥ. ಬೆಳಕು ಮುಗಿಯುತ್ತದೆ, ಸುತ್ತಲಿನ ಗಿಡಗಳನ್ನು ಮುಟ್ಟಿ ತುಂಬಿಸಿಕೊಳ್ಳಬೇಕು. ಮೊದಲಿನಿಂದ ಕೊನೆವರೆಗೂ ಬೆಳಕು ಹಿಡಿದೇ ಇರುವುದು ಹೊಸಬರ ತಪ್ಪು.

ಕಾರ್ಡಿನಲ್ಲಿ ಅರೋರಾಳ ‘ಮಾಡಲಾರಳು’ ಸಾಲಿಗೆ ಬರಬೇಕಾದದ್ದು: ಒಬ್ಬಳೇ ಗೆಲ್ಲಲಾರಳು. ಕಾಳಗದಲ್ಲಿ ಏಕಕಾಲಕ್ಕೆ ಇಬ್ಬರಿಗೆ ಮಾತ್ರ ಜಾಗ, ಅದರಲ್ಲಿ ಯಾರು ಎಂದು ಬದಲಿಸುತ್ತಲೇ ಇರಬೇಕು.

ಜೊತೆಗೆ ಬರುವವರು

‘ಪ್ರಿನ್ಸ್ ಆಫ್ ಪರ್ಷಿಯಾ: ದ ಸ್ಯಾಂಡ್ಸ್ ಆಫ್ ಟೈಮ್’ನ (2003) ಫರಾ ನಮ್ಮ ದೇಶದವಳು, ಮಹಾರಾಜನೊಬ್ಬನ ಮಗಳು. ಬಿಲ್ಲು ಅವಳದು. ರಾಜಕುಮಾರ ನುಸುಳಲಾಗದ ಗೋಡೆಯ ಬಿರುಕಿನಲ್ಲಿ ಅವಳು ನುಸುಳುತ್ತಾಳೆ. ಅವಳು ಸತ್ತರೆ ಆಟವೇ ಮುಗಿಯಿತು, ಕಾಲವನ್ನು ಹಿಂದಕ್ಕೆ ಸುತ್ತಬೇಕು. ಆದ್ದರಿಂದ ಶತ್ರುಗಳು ಬಂದಾಗ ಅವಳ ಪಕ್ಕದಲ್ಲಿರುವವನನ್ನೇ ಮೊದಲು ಕೆಡವಿ. ಈ ಗೇಮಿನ ಮರುನಿರ್ಮಾಣವನ್ನು 2020ರಲ್ಲಿ ಪ್ರಕಟಿಸಿದಾಗ ಕೆಲಸ ನಡೆಯುತ್ತಿದ್ದದ್ದು ಯೂಬಿಸಾಫ್ಟ್‌ನ ಪುಣೆ ಮತ್ತು ಮುಂಬಯಿ ಸ್ಟುಡಿಯೊಗಳಲ್ಲಿ. 2022ರಲ್ಲಿ ಅದು ಮಾಂಟ್ರಿಯಲ್‌ಗೆ ಹೋಯಿತು.

2008ರ ‘ಪ್ರಿನ್ಸ್ ಆಫ್ ಪರ್ಷಿಯಾ’ದ ಎಲಿಕಾ ಇದಕ್ಕೆ ತದ್ವಿರುದ್ಧ. ಕಾಪಾಡುವುದು ಅವಳ ಕೆಲಸ. ಎಷ್ಟು ಸಲ ಕಂದರಕ್ಕೆ ಬಿದ್ದರೂ ಕೈ ಹಿಡಿದು ಕೊನೆಯ ಗಟ್ಟಿ ನೆಲಕ್ಕೆ ತಂದು ನಿಲ್ಲಿಸುತ್ತಾಳೆ. ಅವಳಿಗೆ ಕಂಟ್ರೋಲರಿನಲ್ಲಿ ಸ್ವಂತ ಬಟನ್ ಇದೆ: ಗಾಳಿಯಲ್ಲಿ ಒತ್ತಿದರೆ ಜಿಗಿತ ಉದ್ದವಾಗುತ್ತದೆ, ಕಾಳಗದಲ್ಲಿ ಒತ್ತಿದರೆ ಅವಳ ಮಂತ್ರದ ಏಟು. ‘ಸಾಯದ ಆಟ ಎಂಥ ಆಟ’ ಎಂದು ಮೂಗು ಮುರಿಯುವವರು ಒಂದನ್ನು ಗಮನಿಸುವುದಿಲ್ಲ: ಕಾಳಗದಲ್ಲಿ ಅವಳು ನಿಮ್ಮನ್ನು ಉಳಿಸಿದಾಗ ಶತ್ರುವಿನ ಕಸುವೂ ಮರಳಿ ಏರುತ್ತದೆ. ಮೂರನೇ ಸಾಲಿಗೆ ಅದನ್ನು ಬರೆಯಿರಿ.

ಹೋಲಿಕೆಗೆ ಪುಣೆಯಲ್ಲೇ ನಾಡಿಂಗ್ ಹೆಡ್ಸ್ ಗೇಮ್ಸ್ ತಯಾರಿಸಿದ ‘ರಾಜಿ: ಆ್ಯನ್ ಏನ್ಷಿಯಂಟ್ ಎಪಿಕ್’ (2020) ಆಡಿಸಿ. ರಾಜಿ ರಾಜಕುಮಾರಿಯಲ್ಲ, ಕಸರತ್ತಿನ ಹುಡುಗಿ. ಗೋಡೆ ಮೇಲೆ ಓಡುವುದು, ಕಂಬ ಹಿಡಿದು ಗಿರಕಿ ಹೊಡೆಯುವುದು, ಆಮೇಲೆ ದೇವತೆಗಳು ಕೊಟ್ಟ ತ್ರಿಶೂಲ ಮತ್ತು ಬಿಲ್ಲು. ಅವಳ ಕಾರ್ಡನ್ನು ಪೀಚಳ ಕಾರ್ಡಿನ ಪಕ್ಕ ಇಟ್ಟರೆ ಅರಮನೆಯಲ್ಲಿ ಕಲಿತ ಮೈಗೂ ಜಾತ್ರೆಯಲ್ಲಿ ಕಲಿತ ಮೈಗೂ ಇರುವ ಅಂತರ ಮಕ್ಕಳಿಗೆ ತಾನಾಗಿ ಕಾಣುತ್ತದೆ.

ಮಾತು ನಿಂತ ಗಾರ್ನೆಟ್

‘ಫೈನಲ್ ಫ್ಯಾಂಟಸಿ 9’ (2000) ದೊಡ್ಡವರಿಗೆ. ಅಲೆಕ್ಸಾಂಡ್ರಿಯದ ರಾಜಕುಮಾರಿ ಗಾರ್ನೆಟ್ ಗಾಯ ಮಾಯಿಸುವವಳು, ದೈತ್ಯಶಕ್ತಿಗಳನ್ನು ಕರೆಯುವವಳು. ತಾಯಿ ತೀರಿಹೋಗಿ, ಊರು ಹಾಳಾದ ಮೇಲೆ ಅವಳ ದನಿ ನಿಂತುಹೋಗುತ್ತದೆ. ಇದು ಕತೆಯಲ್ಲಿ ಮಾತ್ರ ಆಗುವುದಲ್ಲ. ಕಾಳಗದಲ್ಲಿ ನೀವು ಕೊಟ್ಟ ಆಜ್ಞೆ ಕೆಲವೊಮ್ಮೆ ನಡೆಯುವುದೇ ಇಲ್ಲ, ಮನಸ್ಸು ನಿಲ್ಲುತ್ತಿಲ್ಲ ಎಂಬ ಸೂಚನೆ ಬಂದು ಸರದಿ ವ್ಯರ್ಥವಾಗುತ್ತದೆ. ಹೊಸಬರು ಕಂಟ್ರೋಲರ್ ಕೆಟ್ಟಿತೆಂದೇ ತಿಳಿಯುತ್ತಾರೆ. ಆ ಭಾಗದಲ್ಲಿ ಜೀವ ಉಳಿಸುವ ಕೆಲಸ ಅವಳಿಗೆ ಒಪ್ಪಿಸಬೇಡಿ. ಗಾಯ ಮಾಯಿಸಬಲ್ಲ ಇನ್ನೊಬ್ಬ ಹುಡುಗಿ ಏಯ್ಕೊ ಜೊತೆಗಿದ್ದರೆ ಔಷಧಿಯ ಮಂತ್ರ ಅವಳಿಗೆ ಬಿಡಿ, ಗಾರ್ನೆಟ್‌ಗೆ ತಪ್ಪಿದರೂ ನಷ್ಟವಾಗದ ಕೆಲಸ ಕೊಡಿ. ಅವಳು ಕೂದಲು ಕತ್ತರಿಸಿಕೊಳ್ಳುವ ದೃಶ್ಯದೊಂದಿಗೆ ದನಿಯೂ ಮರಳುತ್ತದೆ. ದುಃಖವನ್ನು ಇಷ್ಟು ನೇರವಾಗಿ ಆಟಗಾರನ ಬೆರಳಿಗೆ ತಾಗಿಸಿದ ರಾಜಕುಮಾರಿ ಪಾತ್ರ ಇನ್ನೊಂದು ನೆನಪಾಗುವುದಿಲ್ಲ.

ಲೋಕಲ್ ರೈಲಿಗೆ ಇಡಾ

ಕನ್ಸೋಲ್ ಇಲ್ಲದವರಿಗೆ ‘ಮಾನ್ಯುಮೆಂಟ್ ವ್ಯಾಲಿ’ (2014) ಫೋನಿನಲ್ಲೇ ಇದೆ. ಫೋನ್ ನೆಟ್ಟಗೆ ಹಿಡಿದು ಒಂದೇ ಕೈಯಲ್ಲಿ ಆಡಬಹುದು. ಡೊಂಬಿವಲಿಯಿಂದ ದಾದರಿಗೆ ನಿಂತು ಬರುವವರಿಗೆ ಇನ್ನೊಂದು ಕೈ ಹಿಡಿಕೆಗೆ ಬೇಕೇ ಬೇಕಲ್ಲ. ಹತ್ತು ಅಧ್ಯಾಯ. ಇಡಾ ಹೊಡೆಯುವುದಿಲ್ಲ, ಜಿಗಿಯುವುದಿಲ್ಲ, ನಡೆಯುತ್ತಾಳೆ ಅಷ್ಟೆ. ಅವಳನ್ನು ಬೆರಳಿನಿಂದ ಎಳೆಯಲು ಹೋಗಬೇಡಿ, ಹೋಗಬೇಕಾದ ಜಾಗದ ಮೇಲೆ ತಟ್ಟಿ. ಕದಲದಿದ್ದರೆ ದಾರಿ ಕಣ್ಣಿಗೆ ಎಲ್ಲೋ ತುಂಡಾಗಿದೆ ಎಂದರ್ಥ. ಹಿಡಿಕೆ ತಿರುಗಿಸಿ ಗೆರೆಗೆ ಗೆರೆ ಕೂಡಿಸಿದರೆ, ಅಸಾಧ್ಯ ಎನಿಸಿದ ಕಡೆಗೂ ನಡೆದುಬಿಡುತ್ತಾಳೆ. ಕೆಲವು ಹಿಡಿಕೆಗಳು ಇಡಾ ಆ ತುಂಡಿನ ಮೇಲೆ ನಿಂತಿರುವಾಗ ಒಳಗೆ ಸರಿದುಕೊಳ್ಳುತ್ತವೆ. ಅವಳನ್ನು ಇಳಿಸಿ ಮತ್ತೆ ತಿರುಗಿಸಿ.

ಗುಲಾಬಿ ಬಣ್ಣ ನೋಡಿ ಮೋಸಹೋಗಬೇಡಿ

‘ಲಾಂಗ್ ಲಿವ್ ದ ಕ್ವೀನ್’ (2012) ಮುಖಪುಟ ನೋಡಿ ಎಂಟು ವರ್ಷದ ಮಗುವಿಗೆ ಕೊಡುವವರಿದ್ದಾರೆ. 14 ವರ್ಷದ ಎಲೊಡಿ 40 ವಾರ ಬದುಕುಳಿದರೆ ಪಟ್ಟಾಭಿಷೇಕ, ಆದರೆ ಬಾಣ, ವಿಷ, ಹಾವು ಎಲ್ಲವೂ ಆ ನಡುವೆ ಕಾದಿವೆ. ವಾರಕ್ಕೆ ಎರಡು ಪಾಠ ಆರಿಸಬೇಕು. ಅವಳ ಮನಸ್ಥಿತಿಗೆ ತಕ್ಕಂತೆ ಕೆಲವು ಪಾಠ ಬೇಗ ಹತ್ತುತ್ತವೆ, ಕೆಲವು ತಲೆಗೇ ಹೋಗುವುದಿಲ್ಲ. ವಾರಾಂತ್ಯದ ಚಟುವಟಿಕೆಯಿಂದ ಆ ಮನಸ್ಥಿತಿಯನ್ನು ತಿರುಗಿಸಬಹುದು. ಎಲ್ಲ ವಿಷಯವನ್ನೂ ಸ್ವಲ್ಪ ಸ್ವಲ್ಪ ಕಲಿಸಲು ಹೋದವರ ಎಲೊಡಿ ಬೇಗ ಸಾಯುತ್ತಾಳೆ. ಮೊದಲು ಮನಸ್ಥಿತಿ ನೋಡಿ, ಅದಕ್ಕೆ ಹೊಂದುವ ಪಾಠ ಆರಿಸಿ, ನಾಲ್ಕೈದು ವಾರಕ್ಕೊಮ್ಮೆ ಬೇರೆ ಬೇರೆ ಜಾಗದಲ್ಲಿ ಸೇವ್ ಮಾಡಿ. ಹದಿಮೂರು ದಾಟಿದವರಿಗೆ ಇದು ಒಳ್ಳೆಯ ಗೇಮ್. ಹಾಗೆಯೇ ‘ಮಾರ್ಟಲ್ ಕೊಂಬ್ಯಾಟ್’ನ ಕಿಟಾನಾ ಕೂಡ ರಾಜಕುಮಾರಿಯೇ, ಬೀಸಣಿಗೆ ಅವಳ ಆಯುಧ, ಆದರೆ ಆ ಸರಣಿಯ ರಕ್ತಪಾತ ಸಂಘದ ಟಿವಿಗೆ ಹೇಳಿಸಿದ್ದಲ್ಲ.

ಕಾರ್ಡ್ ಎತ್ತಿಡುವಾಗ

ಕಾರ್ಡಿನ ನೆತ್ತಿಯಲ್ಲಿ ಪಾತ್ರದ ಹೆಸರಿನ ಜೊತೆ ಗೇಮಿನ ಹೆಸರು, ಇಸವಿ ಎರಡೂ ಇರಲಿ. ‘ಪೀಚ್’ ಎಂದಷ್ಟೇ ಬರೆದ ಕಾರ್ಡ್ ಮುಂದಿನ ವಾರವೇ ಸುಳ್ಳಾಗುತ್ತದೆ. 1996ರ ‘ಸೂಪರ್ ಮಾರಿಯೊ ಆರ್‌ಪಿಜಿ’ಯಲ್ಲಿ (2023ರಲ್ಲಿ ಸ್ವಿಚ್‌ಗೆ ಹೊಸದಾಗಿ ಬಂತು) ಅವಳು ತೇಲುವುದಿಲ್ಲ. ತಂಡದವರ ಗಾಯ ಮಾಯಿಸುತ್ತಾಳೆ, ಬಿದ್ದವರನ್ನು ಎಬ್ಬಿಸುತ್ತಾಳೆ, ಮತ್ತು ಅವಳ ಎಲ್ಲಕ್ಕಿಂತ ಬಲವಾದ ಆಯುಧ ಒಂದು ಬಾಣಲೆ.